ವೈಫೈ ಕಳ್ಳನನ್ನು ನಾನು ಹಿಡಿದದ್ದು

ವಿಜ್ಞಾನ ಪಾಠ ಮಾಡುವವನಿಗೆ ವಿಜ್ಞಾನ ಗೊತ್ತಿರುತ್ತದೆ ಎಂದು ಜನ ಸುಲಭವಾಗಿ ನಂಬಿಬಿಡುತ್ತಾರೆ. ಜನ ಹಾಗಿರಲಿ, ನಾನೇ ನಂಬಿಬಿಟ್ಟಿದ್ದೆ. ಕೊಟ್ಟೂರಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ವಿದ್ಯುತ್ಕಾಂತೀಯ ಅಲೆಗಳ ಪಾಠವನ್ನಂತೂ ಪುಸ್ತಕ ಮುಚ್ಚಿಟ್ಟೇ ಹೇಳುತ್ತೇನೆ. ಹೀಗಾಗಿ ನಮ್ಮ ಅಪಾರ್ಟ್‌ಮೆಂಟಿನ ಮನೆಯಲ್ಲಿ ವೈಫೈ ಕುಂಟತೊಡಗಿದಾಗ, ರಿಪೇರಿಯವರನ್ನು ಕರೆಸೋಣವೆಂದ ಹೆಂಡತಿಯ ಮಾತು ನನಗೆ ಅವಮಾನದಂತೆ ಕೇಳಿಸಿತು. "ಅಲೆಗಳ ವಿಷಯ ನನಗ ಬಿಡು," ಅಂದೆ.

ಬಿಟ್ಟಳು ಪಾಪ. ಬಿಡಬಾರದಿತ್ತು. ಶಿವಲೀಲಾ ಹನ್ನೊಂದು ವರ್ಷ ಅರೆಕಾಲಿಕ ಗ್ರಂಥಪಾಲಕಿಯಾಗಿ ದುಡಿದವಳು. ಹರಪನಹಳ್ಳಿಯ ಕಾಲೇಜೊಂದರ ಕಾಯಂ ಹುದ್ದೆಗೆ ಆ ಶನಿವಾರ ಹನ್ನೊಂದು ಗಂಟೆಗೆ ಅವಳ ಆನ್‌ಲೈನ್ ಸಂದರ್ಶನವಿತ್ತು. ಅಭ್ಯಾಸಕ್ಕೆಂದು ಕೂಡ್ಲಿಗಿಯ ತಂಗಿಯ ಜೊತೆ ವಿಡಿಯೋದಲ್ಲಿ ಮಾತಾಡಿದರೆ, ತಂಗಿಯ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ನಾನು ರೂಟರನ್ನು ಟಿವಿಯ ಪಕ್ಕದಿಂದ ಬೀರುವಿನ ಮೇಲಕ್ಕೇರಿಸಿದೆ, ಅಲ್ಲಿಂದ ಕಿಟಕಿಗೆ ತಂದೆ, ಅದರ ಕಡ್ಡಿಗಳನ್ನು ಒಮ್ಮೆ ಉತ್ತರಕ್ಕೆ ಒಮ್ಮೆ ಪೂರ್ವಕ್ಕೆ ತಿರುಗಿಸಿದೆ. ಲೋಹ ಅಲೆಗಳನ್ನು ತಡೆಯುತ್ತದೆಂದು ನೆನಪಾಗಿ ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನೆಲ್ಲ ಬಾಲ್ಕನಿಗೆ ಸಾಗಿಸಿದೆ. "ಈಗ ನೋಡು, ಎಷ್ಟು ಚುರುಕಾಗೇತಿ!" ಅಂದರೆ ಅವಳು, "ಚುರುಕಾಗಿದ್ದು ಇರುವಿ ರೀ, ಸಕ್ಕರಿ ಡಬ್ಬಿಗೆ ಮುತ್ಯಾವ," ಅಂದಳು.

ಉಳಿದದ್ದು ಒಂದೇ ಕಾರಣ: ಯಾರೋ ಕದಿಯುತ್ತಿದ್ದಾರೆ. ಕೆಳಮನೆಯ ಕೊಟ್ರಪ್ಪನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಹೊತ್ತು ಹೋಗಲೆಂದು ಮೊಬೈಲಿನಲ್ಲಿ ನಾಟಕ ನೋಡುವವರು. ಎರಡು ತಿಂಗಳ ಹಿಂದೆ ರಸ್ತೆ ಅಗೆದವರು ನಮ್ಮ ಕೇಬಲ್ ಕತ್ತರಿಸಿದಾಗ, ನಾಲ್ಕು ದಿನ ತಮ್ಮ ವೈಫೈ ಬಳಸಿಕೊಳ್ಳಲು ಕೊಟ್ಟಿದ್ದವರೂ ಅವರೇ. ಆ ಉಪಕಾರ ನನಗೆ ಆಗ ನೆನಪಾಗಲಿಲ್ಲ. ನೇರವಾಗಿ ಹೋಗಿ, "ನಮ್ಮ ವೈಫೈ ಯಾರೋ ಕದ್ದು ಬಳಸಾಕ್ಹತ್ಯಾರ್ರಿ. ತಿಳಿದವರು ಹಿಂಗ ಮಾಡಬಾರದು," ಅಂದೆ.

"ತಪ್ಪು ಬಿಡ್ರಿ ಸಾರ್. ನಮ್ಮದೂ ಎರಡು ತಿಂಗಳಿಂದ ನಿಧಾನ ಆಗೇತಿ," ಎಂದು ಅವರು ನಕ್ಕು ಚಹಾ ತರಿಸಿದರು. ಅವರ ನಗೆಯಲ್ಲಿ ನನಗೆ ಕಳ್ಳನೇ ಕಂಡ. ಚಹಾ ಮಾತ್ರ ಬಿಡದೆ ಕುಡಿದೆ.

ಶನಿವಾರ ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಲ್ಯಾಪ್‌ಟಾಪಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗತೊಡಗಿತು. ನಾನು ಸ್ಟೂಲಿನ ಮೇಲೆ ನಿಂತು ರೂಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಶಿವಲೀಲಾ ನನ್ನತ್ತ ಒಮ್ಮೆ ನೋಡಿದಳು. ಕಣ್ಣೊರೆಸಿಕೊಂಡು, ಲ್ಯಾಪ್‌ಟಾಪ್ ಎತ್ತಿಕೊಂಡು, ದಡದಡನೆ ಮೆಟ್ಟಿಲಿಳಿದು ಕೊಟ್ರಪ್ಪನವರ ಮನೆಗೆ ಹೋದಳು. ನಾನು ಸ್ಟೂಲಿನ ಮೇಲೇ ಉಳಿದೆ.

ಮುಕ್ಕಾಲು ಗಂಟೆ ಕಳೆದು ಬಂದಳು. "ಒಂದು ಸಲಾನೂ ನಿಲ್ಲಲಿಲ್ಲ ರೀ, ಎಲ್ಲಾ ಪ್ರಶ್ನಿಗೂ ಉತ್ತರ ಹೇಳಿದೆ. ಆದ್ರ ಅಲ್ಲಿ ಅದು ಪಾಸ್‌ವರ್ಡ್ ಕೇಳಲೇ ಇಲ್ಲ, ಹೋದ ಕೂಡ್ಲೆ ಓಡ್ತು. ಮ್ಯಾಲೆ ಬಂದ್ರೂ ಅದ ವೈಫೈ ಹೆಸರು ತೋರಿಸಾಕತ್ತೈತಿ. ನಮ್ಮ ರೂಟರ್ ತಳದಾಗ ಏನು ಬರದೈತಿ ನೋಡ್ರಿ."

ನೋಡಿದೆ. ಎರಡೂ ಮನೆಗೆ ಒಂದೇ ಕಂಪನಿಯ ಸಂಪರ್ಕ, ವೈಫೈಗೂ ಒಂದೇ ತೆರನ ಉದ್ದ ಹೆಸರು. ಕೊನೆಯ ಅಂಕಿ ಮಾತ್ರ ಬೇರೆ. ಕೇಬಲ್ ಕಡಿದ ದಿನದಿಂದ ನಮ್ಮ ಲ್ಯಾಪ್‌ಟಾಪು, ಎರಡು ಫೋನು, ಟಿವಿ ಎಲ್ಲವೂ ಕೆಳಮನೆಗೇ ಅಂಟಿಕೊಂಡಿದ್ದವು. ನಾನು ಮನೆತುಂಬ ಹೊತ್ತು ಮೆರೆಸಿದ ರೂಟರಿಗೆ ಎರಡು ತಿಂಗಳಿಂದ ಕೆಲಸವೇ ಇರಲಿಲ್ಲ.

ಕ್ಷಮೆ ಕೇಳಲು ಹೋದೆ. ಕೊಟ್ರಪ್ಪನವರು ಕುರ್ಚಿ ಸರಿಸಿ, "ನನಗ ಅವತ್ತ ಅನುಮಾನ ಬಂದಿತ್ರಿ. ಟಿಕೆಟ್ ಇಲ್ದ ಹತ್ತಿದವರೇ ಬಸ್ಸು ನಿಧಾನ ಹೊಂಟೈತಿ ಅಂತ ಜೋರು ಬಯ್ಯೋದು," ಅಂದರು. ಮತ್ತೆ ಚಹಾ ತರಿಸಿದರು. ಈ ಸಲದ ಚಹಾವನ್ನು ಲೋಟದಿಂದ ಕಣ್ಣೆತ್ತದೆ ಕುಡಿದೆ.

ಶಿವಲೀಲಾಳಿಗೆ ಕೆಲಸ ಸಿಕ್ಕಿತು. ಮೊದಲ ಪೇಡೆ ಕೆಳಮನೆಗೆ ಹೋಯಿತು. ಮೊನ್ನೆ ಹಡಗಲಿಯಿಂದ ಸಹೋದ್ಯೋಗಿಯೊಬ್ಬರ ಫೋನು: "ನಮ್ಮನಿ ವೈಫೈ ಭಾಳ ನಿಧಾನ ಐತ್ರಿ. ನೀವು ವಿಜ್ಞಾನದವರು, ಏನಾದ್ರೂ ಹೇಳ್ರಿ." ಹೆಂಡತಿ ಎದುರಿಗೇ ಕೂತಿದ್ದಳು. ಅಲೆಗಳ ಪ್ರತಿಫಲನ, ಗೋಡೆಗಳ ದಪ್ಪ ಎಂದು ಅರ್ಧ ಗಂಟೆ ವಿವರಿಸಿದೆ. ಯಾರ ವೈಫೈಗೆ ಸೇರಿದ್ದೀರಿ ಅಂತ ಮೊದಲು ನೋಡಿಕೊಳ್ರಿ ಎನ್ನುವ ಒಂದು ಮಾತು ಮಾತ್ರ, ಎಷ್ಟು ಪ್ರಯತ್ನಿಸಿದರೂ, ನನ್ನ ಬಾಯಿಂದ ಹೊರಡಲಿಲ್ಲ.