ತಮ್ಮ ದನಿಯನ್ನು ಹೋಲಿಕೆ ನಕ್ಷತ್ರವಾಗಿ ಬಳಸಿಕೊಂಡ ಬಗ್ಗೆ

ಇಂದ,
ನಕ್ಷತ್ರಗಳ ಬೆಳಕು ಅಳೆಯುವ ತಮ್ಮ ಕಿರಿಯ ಸಹಾಯಕಿಯ ತಾಯಿ,
ಅಡುಗೆಮನೆಯ ಮೇಜು.

ಗೆ,
ಮುಖ್ಯಸ್ಥರು,
ಬೆಟ್ಟದ ಮೇಲಿನ ವೀಕ್ಷಣಾಲಯ.

ವಿಷಯ: ಮಗಳಿಗೆ ನಾಲ್ಕು ದಿನ ರಜೆ ಕೋರಿ.

ಉಲ್ಲೇಖ: "ಮನೆ ನೋಡಬೇಕೆನಿಸಿದೆ" ಎಂದು ಅವಳು ಕೊಟ್ಟ ರಜೆ ಅರ್ಜಿ ಮತ್ತು ಅದರ ಮೇಲೆ "ಕಾರಣಕ್ಕೆ ಆಧಾರವಿಲ್ಲ" ಎಂಬ ತಮ್ಮ ಷರಾ.

ಮಾನ್ಯರೇ,

ತಾವು ಕೇಳಿದ ಆಧಾರವನ್ನು ತಮ್ಮದೇ ವಿಧಾನದಿಂದ ಅಳೆದು ಈ ಮೂಲಕ ಸಲ್ಲಿಸುತ್ತಿದ್ದೇನೆ.

೧. ವಿಧಾನವನ್ನು ಕಳೆದ ಸಲ ಬಂದಾಗ ಬಟ್ಟೆ ಮಡಚುತ್ತಾ ಮಗಳೇ ಹೇಳಿಕೊಟ್ಟಳು. "ನಕ್ಷತ್ರ ಮಂಕಾಗಿ ಕಂಡ ತಕ್ಷಣ ಅದಕ್ಕೇನೋ ಆಗಿದೆ ಅನ್ಬಾರ್ದಮ್ಮ. ನಡುವೆ ತೆಳುಮೋಡ ಬಂದಿರ್ಬಹುದು. ಅದೇ ಚಿತ್ರದಲ್ಲಿ, ಬೆಳಕು ಬದಲಾಗದೇ ಇರೋ ಇನ್ನೊಂದು ನಕ್ಷತ್ರ ನೋಡ್ಬೇಕು. ಅದೂ ಮಂಕಾಗಿದ್ರೆ ಮೋಡದ ತಪ್ಪು. ಅದು ಹಾಗೇ ಇದ್ರೆ, ಇದಕ್ಕೇ ಏನೋ ಆಗಿದೆ." ಬದಲಾಗದ ಆ ಇನ್ನೊಂದಕ್ಕೆ ಹೋಲಿಕೆ ನಕ್ಷತ್ರ ಎನ್ನುತ್ತಾರಂತೆ.

೨. ಇತ್ತೀಚೆಗೆ ಫೋನಿನಲ್ಲಿ ಮಗಳ ದನಿ ಇಳಿದಿತ್ತು. ಕೇಳಿದರೆ "ಲೈನ್ ಸರಿ ಇಲ್ಲಮ್ಮ" ಎಂದಳು. ಆದರೆ ಅದೇ ಫೋನಿನಲ್ಲಿ, ಅವಳ ಹಿಂದಿನಿಂದ, ತಾವು ಜೀಪಿನ ಚಾಲಕರನ್ನು ಗದರುತ್ತಿದ್ದುದು ಎಂದಿನಂತೆ ಖಡಕ್ಕಾಗಿ ಕೇಳಿಸಿತು. ಆದಕಾರಣ ಲೈನ್ ನಿರಪರಾಧಿ.

೩. (ಹಾಲು ಉಕ್ಕಿತು. ಒಲೆ ಒರೆಸಿ ಬಂದಿದ್ದೇನೆ.) "ಒಂದು ಸಲ ಕೇಳಿದ್ದು ಲೆಕ್ಕಕ್ಕಿಲ್ಲ ಕಣೇ" ಎಂದು ನಮ್ಮ ಯಜಮಾನರು ಆಕ್ಷೇಪಣೆ ಸಲ್ಲಿಸಿದರು. ಆದ್ದರಿಂದ ಮರುದಿನವೂ ಅಳೆದೆ. ಆಗ ತಾವು ಬೆಕ್ಕೊಂದನ್ನು ಗದರುತ್ತಿದ್ದಿರಿ. ಚಾಲಕರಿಗೂ ಬೆಕ್ಕಿಗೂ ತಮ್ಮ ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಇಷ್ಟು ಸ್ಥಿರವಾದದ್ದು ಆಕಾಶದಲ್ಲೂ ಅಪರೂಪವೆಂದು ಮಗಳೇ ದೃಢಪಡಿಸಿದ್ದಾಳೆ. ಅವಳ ದನಿ ಮಾತ್ರ ಇನ್ನೂ ಇಳಿದಿತ್ತು.

೪. ಅದೇ ಕರೆಯಲ್ಲಿ ಅವಳು "ನೀನು ಹೇಗಿದ್ದೀಯಮ್ಮ?" ಎಂದಳು. ಚೆನ್ನಾಗಿದ್ದೇನೆ ಎಂದೆ.

"ಸುಳ್ಳು. ಹಿಂದೆ ಅಪ್ಪ ಕನ್ನಡಕ ಹುಡುಕ್ತಾ ಕೂಗ್ತಿರೋದು ಗಟ್ಟಿಯಾಗೇ ಕೇಳ್ತಿದೆ. ನಿನ್ನ ದನಿ ಮಾತ್ರ ಇಳಿದಿದೆ. ಏನಾಯ್ತು?"

ಮೆಟ್ಟಿಲಿಳಿಯುವಾಗ ಕಾಲು ಉಳುಕಿತ್ತು, ಹೇಳಿರಲಿಲ್ಲ. ಹೇಳಿದೆ. ಅಷ್ಟು ಹೊತ್ತೂ ಇಲ್ಲಿ ಇವರು ಕನ್ನಡಕಕ್ಕೆ, ಅಲ್ಲಿ ತಾವು ಬೆಕ್ಕಿಗೆ ಕೂಗುತ್ತಲೇ ಇದ್ದಿರಿ. ಅದಕ್ಕೆ ಅವಳಿಗೆ ನಗು ಬಂತು. ನಗುತ್ತಲೇ ಅತ್ತುಬಿಟ್ಟಳು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, "ಮನೆ ನೋಡಬೇಕೆನಿಸಿದೆ" ಎಂಬುದು ಮೋಡವಲ್ಲ, ನಕ್ಷತ್ರಕ್ಕೇ ಏನೋ ಆಗಿರುವುದು ಎಂದು ಪರಿಗಣಿಸಿ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಆಕಾಶ ತಿಳಿಯಾಗಿರುವಾಗ ಬಿಡಲಾಗದಿದ್ದರೆ ಮೋಡದ ದಿನಗಳಲ್ಲಾದರೂ ಕಳಿಸಿ. ಅವು ತಮಗೆ ಉಪಯೋಗಕ್ಕಿಲ್ಲ. ನಮಗೆ ಅವಳನ್ನು ನೋಡಲು ಮೋಡ ಅಡ್ಡಿಯಲ್ಲ.

ತಮ್ಮ ವಿಶ್ವಾಸಿ,
ಕುಂಟುತ್ತಿರುವ ತಾಯಿ

ಅಡಕ:
೧. ಉಣ್ಣೆಯ ಟೋಪಿ, ಒಂದು (ಮಗಳಿಗೆ)
೨. ಜೇನುತುಪ್ಪ, ಒಂದು ಸೀಸೆ (ತಮ್ಮ ಗಂಟಲಿಗೆ)

ವಿಶೇಷ ಕೋರಿಕೆ: ರಜೆ ಮಂಜೂರಾದ ವಿಷಯವನ್ನು ತಾವು ಅವಳಿಗೆ ಗದರಿಯೇ ತಿಳಿಸಬೇಕು. ತಮ್ಮ ದನಿ ಸ್ವಲ್ಪ ಮೆತ್ತಗಾದರೂ ನನ್ನ ಹಿಂದಿನ ಅಳತೆಗಳೆಲ್ಲ ರದ್ದಾಗುತ್ತವೆ.