ನೆರಳುಗಲ್ಲಿಗೆ ಸರ್ಟಿಫಿಕೇಟ್ ಐತಾ?

ನೆರಳುಗಲ್ಲಿನ ಗುಡ್ಡ ಹತ್ತಿದವರು ಒಬ್ಬರಾದರೂ ಸುಮ್ಮನೆ ಇಳಿದು ಹೋದದ್ದನ್ನು ನಾನು ಕಾಣೆ. ಏನಾದರೊಂದು ಎಡವಟ್ಟು ಮಾಡಿಕೊಂಡೇ ಇಳಿಯುತ್ತಾರೆ. ಅದಕ್ಕೆಲ್ಲ ನಾನೇ ಕಾರಣ ಅಂತ ಊರವರು ಹೇಳುತ್ತಾರೆ. ಹೇಳಲಿ ಬಿಡಿ, ನಾನು ಹೆದರುವ ಪೈಕಿ ಅಲ್ಲ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಗೆ ಅಂಟಿಕೊಂಡೇ ಇದೆ ಆ ಗುಡ್ಡ. ಮೇಲೆ ಒಂದು ದುಂಡನೆಯ ಕಲ್ಲುಕಟ್ಟೆ, ನಡುವೆ ಎರಡಾಳೆತ್ತರದ ಕಂಬ, ಅದೇ ನೆರಳುಗಲ್ಲು, ಸುತ್ತ ಬಂಡೆಯ ಮೇಲೆ ಕೊರೆದ ಗೆರೆಗಳು. ಪಾಳೇಗಾರರಿಗೂ ಮುಂಚೆ ಯಾರೋ ಪುಣ್ಯಾತ್ಮರು ಅಲ್ಲಿ ಕುಂತು ಸೂರ್ಯ, ಚಂದ್ರ, ನಕ್ಷತ್ರಗಳ ಲೆಕ್ಕ ಹಾಕುತ್ತಿದ್ದರಂತೆ. ಅರ್ಧ ಬಿದ್ದುಹೋಗಿದೆ. ಉಳಿದರ್ಧ ನಿಂತಿರುವುದು ನನ್ನ ಧೈರ್ಯದ ಮೇಲೆ.

ನಾನು ಕಲ್ಲುಕುಟಿಗ. ಒರಳು, ಬೀಸುವ ಕಲ್ಲು ಕಡಿದು ಬದುಕಿದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಕೈ ನಡುಗುತ್ತದೆ ಅಂತ ಈಗ ಉಳಿ ಕೆಳಗಿಟ್ಟಿದ್ದೇನೆ. ನಾಲಿಗೆ ಇನ್ನೂ ಚೂಪಾಗಿದೆ. ದಿನಾ ಗುಡ್ಡ ಹತ್ತುತ್ತೇನೆ, ಬಂದವರಿಗೆ ಕಲ್ಲು ತೋರಿಸುತ್ತೇನೆ. ಒಂದು ಬೇಸಿಗೆಯಲ್ಲಿ ಚಿರತೆಯೊಂದು ಬೆಳಗಿನಿಂದ ಸಂಜೆವರೆಗೆ ಆ ಕಂಬದ ನೆರಳಲ್ಲೇ ಮಲಗಿತ್ತು. ನೆರಳು ಸರಿದಂಗೆ ಅದೂ ಸರಿಯುತ್ತಿತ್ತು. ನಾನು ಪಕ್ಕದ ಬಂಡೆ ಮೇಲೆ ಕುಂತು, ಅದರ ಬಾಲ ಯಾವ ಗೆರೆ ಮೇಲಿದೆ ಅಂತ ನೋಡಿ, ಕೆಳಗಿನ ಹೊಲದವರಿಗೆಲ್ಲ ಟೈಮು ಕೂಗಿ ಹೇಳಿದೆ. ನಂಬಿಕೆ ಇಲ್ಲದವರು ಹೋಗಿ ಚಿರತೆಯನ್ನೇ ಕೇಳಬಹುದು.

ಬಸ್ಸು ತಪ್ಪಿಸಿಕೊಂಡವರು

ಹಿರಿಯೂರಿನಿಂದ ಒಬ್ಬ ಕೊಬ್ಬರಿ ವ್ಯಾಪಾರಿ ಬಂದಿದ್ದರು. ಕೈಯಲ್ಲಿ ಫಳಫಳ ಹೊಳೆಯುವ ಹೊಸ ವಾಚು. ಕಂಬದ ನೆರಳು ನಡುಗೆರೆಗೆ ಬಂದು ಕೂತಿತು.

"ಸರಿಯಾಗಿ ನಡುಮಧ್ಯಾಹ್ನ, ಹನ್ನೆರಡು ಗಂಟೆ" ಅಂದೆ.

ಅವರು ವಾಚು ನೋಡಿ ನಕ್ಕರು. "ಏನಜ್ಜ, ಹನ್ನೆರಡೂ ಇಪ್ಪತ್ತಾಗೈತೆ. ನಿನ್ನ ಕಲ್ಲು ಲೇಟು."

ನನಗೆ ಮೈಯೆಲ್ಲ ಉರಿಯಿತು. "ಸಾವ್ಕಾರ್ರೇ, ಈ ಕಲ್ಲು ನೋಡ್ತಿರೋದು ಸೂರ್ಯನ್ನ. ನಿಮ್ಮ ವಾಚು ಯಾರನ್ನ ನೋಡ್ತೈತೆ? ನೆತ್ತಿ ಮೇಲೆ ಅವನೇ ಖುದ್ದು ನಿಂತವ್ನೆ, ಅವನಿಗೇ ಸುಳ್ಳು ಅಂತೀರಾ?"

ಹೀಗೇ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಅವರು ಸೋತು, ವಾಚನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿಕೊಂಡು, ಒಂದು ಗಂಟೆ ಬಸ್ಸಿಗೆ ಇನ್ನೂ ಬೇಕಾದಷ್ಟು ಟೈಮು ಐತೆ ಅಂತ ನಿಧಾನಕ್ಕೆ ಇಳಿದರು. ಬಸ್ಸು ಹೋಗಿಬಿಟ್ಟಿತ್ತು. ಮತ್ತೆ ಗುಡ್ಡ ಹತ್ತಿ ಬಂದು ನನ್ನ ಮೇಲೆ ಕೂಗಾಡಿದರು.

"ಡ್ರೈವರಿಗೆ ಆತುರ ಇದ್ರೆ ಸೂರ್ಯ ಏನ್ ಮಾಡ್ತಾನ್ರೀ?" ಅಂದೆ. "ಬರ್ರಿ, ಕುಂತ್ಕಳ್ರಿ, ಮುಂದಿನ ಬಸ್ಸಿನ ಟೈಮು ನಾನೇ ಹೇಳ್ತೀನಿ."

ನೆರಳು ಸರಿಸಿದ್ದು

ಚಿತ್ರದುರ್ಗದಿಂದ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದಿತ್ತು. ಮದುಮಗ ಕಂಬಕ್ಕೆ ಒರಗಿ ನಿಂತಿದ್ದ, ಮದುಮಗಳು ಎದುರಿಗೆ. ಕಂಬದ ನೆರಳು ನೇರ ಅವಳ ಮುಖದ ಮೇಲೆ ಬೀಳುತ್ತಿತ್ತು. ಅವಳು ಬೇರೆ ಕಡೆ ನಿಲ್ಲಲು ಒಪ್ಪಳು, ಫೋಟೋ ತೆಗೆಯುವವನಿಗೆ ತಲೆ ಕೆಟ್ಟಿತು. ಸಿಟ್ಟು ನನ್ನ ಕಡೆ ತಿರುಗಿಸಿದ.

"ಅಜ್ಜ, ಇಲ್ಲಿ ನೋಡ್ಕೊಳ್ಳೋನು ನೀನೇ ತಾನೆ? ಈ ನೆರಳು ಸ್ವಲ್ಪ ಪಕ್ಕಕ್ಕೆ ಸರಿಸು ನೋಡಾಣ!"

"ಎಷ್ಟು ಸರಿಸ್ಲಪ್ಪ?"

"ಒಂದು ಮಾರು."

"ಆಯ್ತು. ಬಿಸ್ಕತ್ತು ತಿಂದು, ಟೀ ಕುಡಿದು ಬರ್ರಿ" ಅಂತ ಹೇಳಿ ಕಂಬದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತೆ. ಒಂದು ಗಂಟೆ ಆದಮೇಲೆ ಬಂದು ನೋಡುತ್ತಾರೆ, ನೆರಳು ಒಂದು ಮಾರಲ್ಲ, ಒಂದೂವರೆ ಮಾರು ಆಚೆ. ಮದುಮಗಳು ಕಾಲಿಗೆ ಬಿದ್ದಳು. ಫೋಟೋದವನು ಪಿಸುಗುಟ್ಟಿದ: "ಅಜ್ಜ, ಮಳೆಗೆ ಏನಾದ್ರೂ ಮಾಡಕ್ಕಾಗ್ತೈತಾ? ಮುಂದಿನ ವಾರ ಇನ್ನೊಂದು ಮದುವೆ ಐತೆ."

ಮೋಡದ ದಿನದ ಪರೀಕ್ಷೆ

ಇಷ್ಟು ಹೆಸರು ಮಾಡಿದ ಮೇಲೆ ಸರ್ಕಾರದ ಕಣ್ಣು ಬೀಳದೆ ಇರುತ್ತದಾ? ಒಬ್ಬ ಸಾಹೇಬರು ಫೈಲು ಹಿಡಿದು ಬಂದರು.

"ಇಲ್ಲಿ ಜನಕ್ಕೆ ಕಲ್ಲು ತೋರಿಸೋದು ನೀವೇನಾ? ಓದು ಎಷ್ಟಾಗಿದೆ?"

"ಬಸ್ ಬೋರ್ಡು ಪೂರ್ತಿ ಆಗೈತೆ ಸ್ವಾಮಿ."

"ಹಾಗೆಲ್ಲ ಆಗಲ್ಲ. ಸರ್ಟಿಫಿಕೇಟ್ ಇದ್ದವರನ್ನ ಹಾಕ್ತೀವಿ. ನೀವು ಇನ್ಮೇಲೆ ಗುಡ್ಡ ಹತ್ತಬಾರದು."

"ಸರ್ಟಿಫಿಕೇಟಾ? ಈ ಕಂಬ ನೆಟ್ಟವನ ಹತ್ರ ಯಾವ ಸರ್ಟಿಫಿಕೇಟ್ ಇತ್ತು ಸ್ವಾಮಿ? ನೆರಳು ಎಸ್ಸೆಸ್ಸೆಲ್ಸಿ ಪಾಸಾಗೈತಾ?"

ಸಾಹೇಬರು ಆಕಾಶ ನೋಡಿದರು. ದಟ್ಟ ಮೋಡ, ನೆರಳಿನ ಸುಳಿವೇ ಇಲ್ಲ. "ಅಷ್ಟು ಗೊತ್ತಿದ್ರೆ ಈಗ ಟೈಮೆಷ್ಟು ಹೇಳಿ ನೋಡೋಣ" ಅಂತ ಮೊಬೈಲು ಮುಚ್ಚಿ ಹಿಡಿದರು.

ನಾನು ಕಂಬಕ್ಕೆ ಮೂರು ಸುತ್ತು ಹಾಕಿದೆ. ಬಂಡೆ ಮುಟ್ಟಿದೆ. ಗಾಳಿ ಮೂಸಿದೆ. "ಮೂರೂ ಹತ್ತು" ಅಂದೆ. ಮೊಬೈಲು ತೆಗೆದರೆ ಮೂರೂ ಹತ್ತೇ! ಸಾಹೇಬರ ಮುಖ ಕಪ್ಪಿಟ್ಟಿತು.

ಗುಟ್ಟು ನಿಮಗೆ ಮಾತ್ರ ಹೇಳುತ್ತೇನೆ. ಆಗತಾನೇ ಮೂರೂ ಹತ್ತರ ಹೊಳಲ್ಕೆರೆ ಬಸ್ಸು ಕೆಳಗಿನ ತಿರುವಿನಲ್ಲಿ ಹಾರನ್ನು ಹಾಕಿತ್ತು. ಅದು ಸಾಹೇಬರಿಗೂ ಕೇಳಿಸಿತ್ತು. ಆದರೆ ಓದಿದವರಿಗೆ ಹಾರನ್ನು ಬರೀ ಹಾರನ್ನು.

ಅವರು ಸ್ವಲ್ಪ ಮೆತ್ತಗಾದರು. "ಮುಂದಿನ ವಾರ ವಿಶ್ವವಿದ್ಯಾಲಯದಿಂದ ಒಬ್ಬರು ಮೇಡಂ ಬರ್ತಾರೆ. ನೀವಿರೋದೋ ಬೇಡವೋ ಅವರೇ ಹೇಳಲಿ" ಅಂತ ಇಳಿದು ಹೋದರು.

ಆ ವಾರ ನನಗೆ ಊಟ ಸೇರಲಿಲ್ಲ. ಗುಡ್ಡ ಬಿಟ್ಟರೆ ನಾನು ಬರೀ ಒಬ್ಬ ಮುದುಕ.

ಹದಿನೈದು ಗುಳಿ

ಮೇಡಂ ಬಂದರು, ಸಾಹೇಬರೂ ಜೊತೆಗೆ ಬಂದರು. ಮೇಡಂ ಕಂಬ ಅಳೆದರು, ಗೆರೆ ಅಳೆದರು. ಕಟ್ಟೆಯ ಹಿಂದಿನ ಹಾಸುಬಂಡೆ ಹತ್ತಿರ ಹೋದವರೇ "ಅಯ್ಯೋ!" ಅಂತ ಕೂಗಿದರು. ಹಾವು ಕಚ್ಚಿತೇನೋ ಅಂತ ಓಡಿದೆ.

"ಅಜ್ಜಾ, ಇಲ್ಲಿ ನೋಡಿ! ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿ ಹದಿನಾಲ್ಕು ಗುಳಿ, ತುದಿಯಲ್ಲಿ ಒಂದು ದೊಡ್ಡದು. ಪಾಡ್ಯದಿಂದ ಚತುರ್ದಶಿ, ಆಮೇಲೆ ಹುಣ್ಣಿಮೆ! ಚಂದ್ರನ ಲೆಕ್ಕ ಇದು, ಏನಿಲ್ಲವೆಂದರೂ ಐನೂರು ವರ್ಷದ್ದು. ನಿಮ್ಮ ಹಿರಿಯರು ಹೀಗಂತ ಹೇಳ್ತಿದ್ರು ಅಂತ ನೀವೊಂದು ಮಾತು ಹೇಳಿದ್ರೆ ಬರ್ಕೊಳ್ತೀನಿ. ಇಂಥಾ ತಿಳಿವಳಿಕೆ ಇರೋರು ಇಲ್ಲೇ ಇರಬೇಕು ಅಂತ ಸಾಹೇಬರಿಗೂ ಹೇಳ್ತೀನಿ."

ಒಂದು "ಹೂಂ" ಅಂದಿದ್ದರೆ ಸಾಕಿತ್ತು. ಜನ್ಮವೆಲ್ಲ ಬುರುಡೆ ಬಿಟ್ಟವನಿಗೆ ಇನ್ನೊಂದು ಭಾರವೇ? ಆದರೆ ನನ್ನ ಉಳಿಯ ಕೆಲಸ ಯಾವನೋ ಸತ್ತವನ ಹೆಸರಿಗೆ ಹೋಗುವುದಾ? ಅದಾಗದು.

"ಐನೂರು ವರ್ಷ ಇಲ್ಲ, ಏನೂ ಇಲ್ಲ ತಾಯಿ. ಅದು ಅಳಗುಳಿ ಮಣೆ. ಕಡಿದೋನು ನಾನು" ಅಂದೆ. "ಮದುವೆಯಾದ ಹೊಸದ್ರಾಗೆ ನಮ್ಮಾಕೆ ಇಲ್ಲಿ ಮೇಕೆ ಮೇಯಿಸ್ತಿದ್ಲು. ಆಡಕ್ಕೆ ಅಂತ ಅವಳಿಗೇಳು, ನನಗೇಳು ಗುಳಿ ಕಡಿದೆ. ನಡುವೆ ಬಂಡೆ ಸೀಳಿತ್ತು, ಎದುರುಬದುರು ಎರಡು ಸಾಲು ಹಿಡಿಸ್ಲಿಲ್ಲ, ಅದಕ್ಕೇ ಒಂದೇ ಸಾಲು ಬಾಗೈತೆ. ಆ ದೊಡ್ಡದು ಎಲೆ ಅಡಿಕೆ ಕುಟ್ಟಕ್ಕೆ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಂ, ಈತ ಚಿರತೆ ಬಾಲ ನೋಡಿ ಟೈಮು ಹೇಳ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋನು! ಇವನ ಮಾತು ಬರ್ಕೊಂಡ್ರೆ ನಿಮ್ಮ ಮರ್ಯಾದೆ ಹೋಗುತ್ತೆ."

ಮೇಡಂ ಕೂಡ ತಲೆ ಅಲ್ಲಾಡಿಸಿ ಪೆನ್ನು ಮುಚ್ಚಿದರು. ಸಾಹೇಬರು ನನ್ನ ತೋಳು ಹಿಡಿದು ಇಳಿಯುವ ದಾರಿ ತೋರಿಸಿದರು. ಒಂದೇ ಒಂದು ಸಲ ನಿಜ ಹೇಳಿದ್ದಕ್ಕೆ ಗುಡ್ಡ ಕೈಬಿಟ್ಟಿತು. ಆದರೂ ನಾನು ಕದಲಲಿಲ್ಲ. "ಎತ್ಕೊಂಡು ಹೋದ್ರೆ ಹೋಗ್ರಿ, ನಾನಾಗಿ ನಡೆಯಲ್ಲ" ಅಂತ ಗುಳಿಗಳ ಪಕ್ಕದಲ್ಲೇ ಬಂಡೆ ಮೇಲೆ ಕುಂತುಬಿಟ್ಟೆ.

ಅಷ್ಟರಲ್ಲಿ ನಮ್ಮಾಕೆ ಬುತ್ತಿ ಹೊತ್ತು ಮೇಲೆ ಬಂದಳು. ಬಾಗೂರಿನ ಹೆಣ್ಣು, ಯಾರನ್ನೂ ಏನೂ ಕೇಳುವವಳಲ್ಲ. ಬುತ್ತಿ ಇಳಿಸಿ ನನ್ನೆದುರು ಕುಂತಳು. ಎಲೆ ಅಡಿಕೆ ಚೀಲದಿಂದ ಹುಣಿಸೇಬೀಜ ತೆಗೆದು, ಮೇಡಂ ಅವರ ಪಾಡ್ಯಕ್ಕೆ ಐದು, ಬಿದಿಗೆಗೆ ಐದು, ತದಿಗೆಗೆ ಐದು, ಹೀಗೆ ಕಣ್ಣುಮುಚ್ಚಿ ತೆರೆಯುವುದರೊಳಗೆ ತುಂಬಿದಳು. ಹುಣ್ಣಿಮೆಯೊಳಗೆ ಎಲೆ ಅಡಿಕೆ ಹಾಕಿ ಕಲ್ಲಿಂದ ಕುಟ್ಟತೊಡಗಿದಳು.

ಮೇಡಂ ಬಗ್ಗಿ ನೋಡಿದರು. ಹುಣ್ಣಿಮೆಯ ಒಳಮೈಯೆಲ್ಲ ವರ್ಷಗಟ್ಟಲೆ ಕುಟ್ಟಿದ ಎಲೆ ಅಡಿಕೆಯ ಕೆಂಪು. ಆಮೇಲೆ ಚಂದ್ರನ ಲೆಕ್ಕ ಗುರುತು ಹಾಕಿಕೊಂಡಿದ್ದ ಹಾಳೆಯನ್ನು ಪುಸ್ತಕದಿಂದ ಹರಿದು ಸಾಹೇಬರ ಕಡೆ ತಿರುಗಿದರು.

"ಇವರು ಇಲ್ಲೇ ಇರಲಿ. ಯಾವುದು ಹಳೇದು, ಯಾವುದು ಇವರು ಕಡಿದದ್ದು ಅಂತ ಇವರಿಗಲ್ಲದೆ ಇನ್ಯಾರಿಗೆ ಗೊತ್ತು?"

ನನ್ನೆದೆ ಉಬ್ಬಿತು. ಮೇಡಂ ನಗುತ್ತಾ ಮತ್ತೆ ಪೆನ್ನು ತೆರೆದರು. "ಅಜ್ಜ, ಇಷ್ಟು ವರ್ಷ ಆಡಿದ್ದೀರಲ್ಲ, ಗೆಲ್ತಿದ್ದದ್ದು ಯಾರು?"

"ನಾನೇ ತಾಯಿ. ಇವತ್ತಿನವರೆಗೂ ಒಂದಾಟ ಸೋತಿಲ್ಲ."

ನಮ್ಮಾಕೆ ಬೀಜದಿಂದ ಕಣ್ಣೆತ್ತಲೂ ಇಲ್ಲ. "ಗುಳಿ ಕಡಿದದ್ದು ನಿಜ ಕಣಮ್ಮ, ಅದೊಂದು ಬರ್ಕೋ" ಅಂದಳು. "ಇನ್ನು ಪೆನ್ನು ಮುಚ್ಚು."