ಪಾಳಿ ತಪ್ಪಿಸಿದ ಮನೆ

ಬರಕ್ಕೆ ಹೆದರುವ ಜಾತಿಯಲ್ಲ ನಮ್ಮ ಗುರುಲಿಂಗಯ್ಯನವರದು. ಬರವೇ ಅವರ ಮುಂದೆ ಕೈಕಟ್ಟಿ ನಿಲ್ಲಬೇಕು ಎಂಬಂಥ ಯೋಜನೆಯನ್ನು ಸಂಕ್ರಾಂತಿಗೇ ಬರೆದಿಟ್ಟಿದ್ದರು. ಶಹಾಬಾದಿನ ಮಗ್ಗುಲಿಗಿರುವ ಆ ಸಣ್ಣ ಊರಿಗೆ ನೀರು ಬಿಡಿಸುವ ಅಧಿಕಾರಿ ಅವರೇ. ಕಾಗಿಣಾ ನದಿ ಮೊಣಕಾಲಿಗೆ ಇಳಿದರೆ ಒಂದನೇ ಹಂತ: ಗಾಡಿ ತೊಳೆಯುವಂತಿಲ್ಲ. ಪಾದಕ್ಕೆ ಇಳಿದರೆ ಎರಡನೇ ಹಂತ: ಗಲ್ಲಿಗೆ ವಾರಕ್ಕೊಂದು ಪಾಳಿ. ನದಿಯ ಮೀನುಗಳು ಕೊಡೆ ಹಿಡಿದು ಓಡಾಡತೊಡಗಿದರೆ ಮೂರನೇ ಹಂತ: ಜಳಕ ಬಂದ್, ಮೈ ಒರೆಸಿಕೊಳ್ಳುವುದಷ್ಟೇ. (ಈ ಮೇ ತಿಂಗಳಲ್ಲಿ ಮೀನುಗಳು ಕೊಡೆಯನ್ನೂ ಬಿಸಾಕಿ ಊರು ಬಿಟ್ಟಿದ್ದವು.)

ಯೋಜನೆಯ ಕಟ್ಟಕಡೆಯ ಕಲಮನ್ನು ಗುರುಲಿಂಗಯ್ಯನವರು ತಮ್ಮದೇ ಸಿಂಹಕಂಠದಲ್ಲಿ ರೆಕಾರ್ಡ್ ಮಾಡಿಸಿ, ಆಟೋದ ಮೈಕಿನಲ್ಲಿ ದಿನಾಲೂ ಕೂಗಿಸುತ್ತಿದ್ದರು: "ಪಾಳಿ ತಪ್ಪಿಸಿ ನೀರು ತಗೊಂಡವರ ಮನಿ ಸಾಲಿನ ಬಾಲಕ್ಕ ಹೋಗ್ತದ! ಸಾಹೇಬ್ರಿರಲಿ, ಸಾಹೇಬ್ರ ಅತ್ತಿ ಇರಲಿ!" ಗಲ್ಲಿಗೊಂದು ನೀರಿನ ಸಮಿತಿಯನ್ನೂ ಮಾಡಿದ್ದರು. ತಮ್ಮ ಗಲ್ಲಿಯ ಸಮಿತಿಗೆ ಹೆಂಡತಿ ನೀಲಾಬಾಯಿಯನ್ನೇ ಅಧ್ಯಕ್ಷೆ ಮಾಡಿದರು. ಹೆಂಡತಿ ತಮ್ಮ ಮಾತು ಮೀರುವುದಿಲ್ಲ ಎಂದು ಅವರ ನಂಬಿಕೆ. (ನಂಬಿಕೆಗೆ ನೀರು ಬೇಕಾಗಿಲ್ಲ, ಎಲ್ಲಿ ಬೇಕಾದರೂ ಬೆಳೆಯುತ್ತದೆ.)

ಅಷ್ಟರಲ್ಲಿ ಬಸುರಿ ಮಗಳು ಶೈಲಶ್ರೀಯ ಕುಬಸ, ಅಂದರೆ ಸೀಮಂತ, ಬಂತು.

"ನಾಳಿ ಸೇಡಂದಿಂದ ಬೀಗರು ಬರ್ತಾರ. ನಮ್ಮ ಪಾಳಿ ನಾಡದ್ದು. ಹಂಡೇದಾಗ ಹಲ್ಲಿ ಕಾಲು ತೋಯಿಸಿಕೊಳ್ಳೂವಷ್ಟೂ ನೀರಿಲ್ಲ. ಏನ್ ಮಾಡ್ತೀರಿ?" ಎಂದಳು ನೀಲಾಬಾಯಿ.

"ಯೋಜನಾ ಅಂದ್ರ ಯೋಜನಾ. ನಾನೇ ಮುರದ್ರ ಊರು ಏನಂದೀತು?"

"ಬೀಗತಿ ಕೈ ತೊಳಿಲಿಕ್ಕ ನೀರು ಕೇಳಿದ್ರ ನಿಮ್ಮ ಯೋಜನಾ ಹಿಂಡಿ ಕೊಡ್ಲೇನು?" ಎಂದವಳು ಮತ್ತೆ ತಾನೇ ಹೇಳಿದಳು: "ಇರ್ಲಿ, ನಾ ಏನರೆ ನೋಡ್ತೀನಿ. ನೀವು ಮಾತ್ರ ಗಲ್ಲಿ ಮೂಲಿ ನೀರಿನ ವಾಲ್ವಿನ ಕಡಿ ಹೊಳ್ಳಿ ನೋಡಬ್ಯಾಡ್ರಿ."

ನೋಡಬೇಡ ಎಂದದ್ದನ್ನೇ ಇಡೀ ರಾತ್ರಿ ಕನಸಿನಲ್ಲಿ ನೋಡಿದರು. ಬೀಗರ ಮುಂದೆ ಬರಿಗೊಡ ಬೋರಲು ಬೀಳುವುದೆಂದರೇನು! ಎರಡು ಹಂಡೆ, ಬರೇ ಎರಡು ಹಂಡೆ ನೀರಾದರೆ ಮಾನ ಉಳಿಯುತ್ತದೆ.

ಮರುದಿನ ನಡುಮಧ್ಯಾಹ್ನ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಗಲ್ಲಿಯ ಮೂಲೆಯಲ್ಲಿ ವಾಲ್ವ್ ತಿರುವುವ ಮಜೀದಸಾಬನನ್ನು ಹಿಡಿದರು.

"ಚಾವಿ ಕೊಡು. ವಾಲ್ವ್ ಪರೀಕ್ಷಾ ಮಾಡಬೇಕಾಗ್ಯದ."

"ಈ ಬಿಸಿಲಾಗ? ಸಾಹೇಬ್ರ, ಇದು ನಿಮ್ಮ ಗಲ್ಲೀದು."

"ಅದಕ್ಕೇ. ಪರೀಕ್ಷಾ ನಮ್ಮಿಂದೇ ಶುರು ಆಗ್ಲಿ."

ಮಜೀದಸಾಬ ಅವರ ಮುಖವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಉದ್ದನೆಯ ಕಬ್ಬಿಣದ ಚಾವಿ ಕೊಟ್ಟ. "ಮುದುಕ ವಾಲ್ವ್ ಅದ. ಹಗೂರ ತಿರುವ್ರಿ."

ಗುರುಲಿಂಗಯ್ಯನವರು ವಾಲ್ವಿನ ಗುಂಡಿಗಿಳಿದರು. ಎಲ್ಲೋ ಬಾಗಿಲು ಕಿರುಗುಟ್ಟಿತು, ಉಸಿರು ಹಿಡಿದರು. ಒಂದು ಆಡು ಬಂದು ಅವರನ್ನು ನೆಟ್ಟಗೆ ನೋಡಿತು. ಅದಕ್ಕೂ ವಿಷಯ ಗೊತ್ತಾದಂತಿತ್ತು. ವಾಲ್ವ್ ಜಗ್ಗಲಿಲ್ಲ. ಬಸವಣ್ಣನನ್ನು ನೆನೆದು ಮೈಭಾರವೆಲ್ಲ ಹಾಕಿ ತಿರುವಿದರು. ಫಟ್! ವಾಲ್ವಿನ ಕುತ್ತಿಗೆ ಬಿಚ್ಚಿತು. ನದಿಯಲ್ಲಿಲ್ಲದ ಕಾಗಿಣಾ ಅಷ್ಟೂ ಅವರ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಬಂತು. ಮಜೀದಸಾಬ ಓಡಿ ಬಂದು, ಹಿಂದಿನ ದೊಡ್ಡ ವಾಲ್ವ್ ಬಂದ್ ಮಾಡುವಷ್ಟರಲ್ಲಿ ಮನೆಯ ನಳಕ್ಕೆ ಹನಿ ನೀರು ಹೋಗಿರಲಿಲ್ಲ. ಗುರುಲಿಂಗಯ್ಯನವರ ಮೈಯಲ್ಲಿ ಮಾತ್ರ ಮುಂಗಾರು ಮುಗಿದಿತ್ತು.

"ಯಾರಿಗೂ ಹೇಳಬ್ಯಾಡೋ ಮಾರಾಯ."

"ನಾ ಹೇಳೂದಿಲ್ರಿ. ನಿಮ್ಮ ಅಂಗಿ ಹೇಳ್ತದ."

ಹೌದಲ್ಲ! ಅಂಗಿಯ ಬಾಯಿ ಮುಚ್ಚಿಸಲು ಊರ ಹೊರಗೆ ಒಟ್ಟಿದ್ದ, ನೆಲಕ್ಕೆ ಹಾಸುವ ನುಣುಪಾದ ಫರ್ಸಿ ಕಲ್ಲುಗಳ ಮೇಲೆ ಹಪ್ಪಳದಂತೆ ಮಲಗಿದರು. ಕಾಗೆಗಳು ಒಂದು ಕಾಲು ಸುಟ್ಟರೆ ಇನ್ನೊಂದರ ಮೇಲೆ ನಿಲ್ಲುವಂಥ ಬಿಸಿಲು ಅದು. ಎದೆ ಆರಿತು, ಹೊರಳಿದರು, ಬೆನ್ನು ಆರಿತು. ಅಂಗಿ ಇಸ್ತ್ರಿ ಮಾಡಿದಂತೆ ಗರಿಗರಿಯಾಯಿತು. ಸಾಕ್ಷಿ ನಾಶವಾಯಿತೆಂದು ಮೀಸೆ ತಿರುವುತ್ತ ಮನೆಗೆ ನಡೆದರು.

ಮನೆಯ ಮುಂದೆ ಜೀಪು ನಿಂತಿತ್ತು. ಅದರಿಂದ ನೀರಿನ ಡ್ರಮ್ಮುಗಳು ಇಳಿಯುತ್ತಿದ್ದವು!

"ಬರ್ರಿ ಬೀಗರ," ಎಂದರು ಸೇಡಂನ ಬೀಗರಾದ ಸಂಗಮೇಶ್ವರ. "ಬೀಗತಿಯವ್ರು ನಿನ್ನೆ ಫೋನ್ ಮಾಡಿ, ಈ ಸಲ ಸೀರಿ ಬ್ಯಾಡ, ನೀರು ತರ್ರಿ ಅಂದ್ರು. ನಮ್ಮ ಹೊಲದ ಬಾವೀದು, ಸಿಹಿ ಅದ." ಹಾಗೆಂದವರು ಗುರುಲಿಂಗಯ್ಯನವರ ಮುಖ ನೋಡಿ ಹುಬ್ಬೇರಿಸಿದರು. "ಅಲ್ರೀ, ಭಾಳ ಹೊಳಿಲಿಕತ್ತೀರಿ. ಜಳಕ ಮಾಡೀರೇನು?"

ಆರತಿಗೆ ಬಂದಿದ್ದ ಸಮಿತಿಯ ಹೆಂಗಸರೆಲ್ಲ ತಿರುಗಿದರು. ಸುತ್ತಲಿನ ಫರ್ಸಿ ಗಣಿಗಳ ಬಿಳಿ ಧೂಳು ಮೆತ್ತಿ, ಜಳಕವಿಲ್ಲದೆ ಇಡೀ ಊರೇ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿತ್ತು. ನಡುವೆ ಗುರುಲಿಂಗಯ್ಯನವರೊಬ್ಬರೇ ಬೆಳಗಿಟ್ಟ ತಾಮ್ರದ ಚರಗಿ!

"ಹೌದಲ್ಲ ಯವ್ವಾ," ಎಂದಳು ಪಕ್ಕದ ಮನೆಯ ಬಸ್ಸಮ್ಮ. "ಯುಗಾದಿ ಆದಮ್ಯಾಲ ಅಯ್ಯನವ್ರ ಕುತ್ತಿಗಿ ಇವತ್ತೇ ಕಂಡೆ!"

"ಬೆವರು... ಬಿಸಿಲಿಗೆ ಭಾಳ ಬೆವರು..." ಎಂದು ತೊದಲಿದರು.

ನೀಲಾಬಾಯಿ ಬಂದು ಗಂಡನ ಕಿವಿಯ ಹಿಂದೆ ಬೆರಳಾಡಿಸಿ, ಬೆರಳನ್ನು ಎಲ್ಲರಿಗೂ ತೋರಿಸಿದಳು. ಧೂಳಿನ ಕಲೆಯೂ ಇರಲಿಲ್ಲ.

"ಸಮಿತಿಯವ್ರು ಕೇಳ್ರಿ. ನಮ್ಮ ಮನಿ ಸಾಲಿನ ಬಾಲಕ್ಕ."

"ಏ, ಇಷ್ಟಕ್ಕ ಬಾಲಕ್ಕ? ಇದ್ಯಾವ ನ್ಯಾಯ!" ಎಂದು ಗುರುಲಿಂಗಯ್ಯನವರು ಬಾಯಿ ತೆರೆಯುವುದಕ್ಕೂ, ಗಲ್ಲಿಯೊಳಗೆ ಆಟೋ ತಿರುಗುವುದಕ್ಕೂ ಸರಿಹೋಯಿತು.

"ಸಾಹೇಬ್ರಿರಲಿ, ಸಾಹೇಬ್ರ ಅತ್ತಿ ಇರಲಿ!" ಮೈಕಿನ ಸಿಂಹ ಗರ್ಜಿಸಿತು.

"ಯಾರ್ರೀ ಇವ್ರು?" ಎಂದರು ಬೀಗರು. "ಭಾಳ ಖಡಕ್ ಮನಷ್ಯಾ ಕಾಣ್ತಾರ."

"ಭಾಳ ಖಡಕ್," ಎಂದಳು ನೀಲಾಬಾಯಿ, ತುಂಬಿದ ಚರಗಿಯನ್ನು ಗಂಡನ ಒಣಗಿದ ಬಾಯಿಯ ಮುಂದೆಯೇ ದಾಟಿಸಿ ಬೀಗರ ಕೈಗೆ ಕೊಡುತ್ತ. "ಹೆಂಡ್ತಿ ಮಾತೂ ಕೇಳೂದಿಲ್ರಿ."